ಹಿಂದೆ ನೋಡದ ದನಗಳ್ಳ

ನನ್ನ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಬುರುಡೆ. ಒಂದು ಹಾವು ಕಂಡರೆ ಮೂರು ಕಂಡೆ ಅನ್ನುವ ಬಾಯಿ ಅವನದು. ಆದರೆ ಹಾಲಿನ ವಿಷಯದಲ್ಲಿ ಅವನಷ್ಟು ನೆಟ್ಟಗಿನ ಮನುಷ್ಯನನ್ನು ನಾನು ಕಂಡಿಲ್ಲ. ನೀರು ಬೆರೆಸಿದರೆ ಮಾತಿಗೆ ಬೆರೆಸುತ್ತಿದ್ದ, ಹಾಲಿಗಲ್ಲ. ಹೀಗೆಂದರೆ ಬೀದಿಯವರು ನಗುತ್ತಾರೆ. ನಗಲಿ, ಅವರ ಮಕ್ಕಳು ಬೆಳೆದದ್ದು ಆ ಹಾಲು ಕುಡಿದೇ.

ರೈಲು ಹಳಿಯ ಪಕ್ಕ ತಗಡಿನ ಸೂರಿನ ಕೊಟ್ಟಿಗೆ, ಅದರಲ್ಲಿ ಹನ್ನೊಂದು ಹಸು. ರೈಲು ಹೋದಾಗಲೆಲ್ಲ ಗೋಡೆಗೆ ಒರಗಿಸಿದ ಹಾಲಿನ ಕ್ಯಾನುಗಳು ಗಡಗಡ ನಡುಗುತ್ತಿದ್ದವು, ಹಸುಗಳು ಮಾತ್ರ ಕಿವಿಯನ್ನೂ ಆಡಿಸುತ್ತಿರಲಿಲ್ಲ. ಮಾವ ಕೋಲು ಹಿಡಿದು ದನ ಅಟ್ಟಿದ್ದನ್ನು ನಾನು ನೋಡಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಚಾಚಿ, ಅಂಗೈಯಲ್ಲಿ ಒಂದಿಷ್ಟು ಉಪ್ಪು ಇಟ್ಟುಕೊಂಡು ಮುಂದೆ ನಡೆದುಬಿಡುತ್ತಿದ್ದ. ಒಂಟಿಕೊಂಬಿ ಎಂಬ ಹಿರಿಯ ಹಸು ಆ ಕೈಗೆ ಮೂತಿ ಹಚ್ಚಿಕೊಂಡು ಹೊರಡುತ್ತಿತ್ತು, ಉಳಿದ ಹತ್ತು ಅದರ ಹಿಂದೆ. ಬಂದವೋ ಇಲ್ಲವೋ ಎಂದು ಅವನು ತಿರುಗಿ ನೋಡುತ್ತಲೇ ಇರಲಿಲ್ಲ.

ಅತ್ತೆಯ ಜೊತೆ ಪೇಟೆಗೆ ಹೋದಾಗಲೂ ಅದೇ ಚಾಳಿ. ಇವನು ಹತ್ತು ಮಾರು ಮುಂದೆ, ಅವಳು ಚೀಲ ಹಿಡಿದು ಹಿಂದೆ. "ನಾನೇನು ನಿಮ್ಮ ಹನ್ನೆರಡನೇ ಹಸುನಾ?" ಎಂದು ಅವಳು ಕೂಗುವಳು. ಮಾವ ನಗುವನು, ಕಾಲು ಮಾತ್ರ ನಿಲ್ಲದು.

ಒಮ್ಮೆ ಊರಾಚೆಯ ಬಯಲಿಗೆ ಸಿನಿಮಾದವರು ಬಂದರು. ಕುದುರೆ, ಬಂದೂಕು, ಅಗಲ ಟೋಪಿಯ ಕಥೆ. ಒಂದು ರ‍್ಯಾಂಚು, ಅಲ್ಲಿನ ದನ ಕದಿಯುವ ದರೋಡೆಕೋರರು. ಮಾವನ ಹಸುಗಳನ್ನು ಬಾಡಿಗೆಗೆ ಕೇಳಿದರು.

"ರ‍್ಯಾಂಚು ಅಂದ್ರೇನು ಮಹಾ? ನಮ್ಮ ಕೊಟ್ಟಿಗೆನೇ. ಬೇಲಿ ಸ್ವಲ್ಪ ದೂರ, ಅಷ್ಟೆ" ಎಂದು ಮಾವ ಹಸುಗಳೊಂದಿಗೆ ಹೊರಟ. ಸಂಜೆ ಬರುವಾಗ ಎದೆಯುಬ್ಬಿಸಿಕೊಂಡೇ ಬಂದ.

"ನನ್ನನ್ನೂ ಕಳ್ಳನ ಪಾತ್ರಕ್ಕೆ ಹಾಕ್ಕೊಂಡ್ರು ಕಣೇ! ದರೋಡೆಕೋರರ ನಾಯಕನಿಗೆ ನಾನೇ ಬಲಗೈ. ತೆರೆ ತುಂಬಾ ನಾನೇ."

ಬೀದಿ ಬಿದ್ದು ಬಿದ್ದು ನಕ್ಕಿತು. ಅದು ಅವನಿಗೆ ಹೊಸದಲ್ಲ. ಕ್ಯಾನು ತಿಕ್ಕುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದ್ದು ಮಾತ್ರ ನಾಟಿತು. "ನಿಮ್ಮ ಹತ್ತು ಮಾತಲ್ಲಿ ಒಂದನ್ನಾದ್ರೂ ನಂಬ್ತಿದ್ದೆ. ಇದರಲ್ಲಿ ಆ ಒಂದೂ ಇಲ್ಲ."

ಮಾವ ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದ. ಆಮೇಲೆ ನನ್ನೊಬ್ಬಳ ಹತ್ತಿರ ಅಂದ, "ಬೀದಿ ನಂಬದಿದ್ರೆ ಕತ್ತೆ ಬಾಲ. ನಿಮ್ಮತ್ತೆ ನಂಬ್ಲಿಲ್ಲವಲ್ಲೇ! ಸಿನಿಮಾ ಬರಲಿ, ನೋಡ್ತಿರು."

ಸಿನಿಮಾ ಬರಲು ಒಂದು ವರ್ಷ ಹಿಡಿಯಿತು. ಮ್ಯಾಟಿನಿ ಆಟಕ್ಕೆ ಬೀದಿಗೆ ಬೀದಿಯೇ ಹೋಯಿತು. ಮಾವ ಇಸ್ತ್ರಿ ಅಂಗಿ ಹಾಕಿ, ಅತ್ತೆ ಮತ್ತು ನನ್ನ ನಡುವೆ ಕುಳಿತ. ನಮ್ಮ ಹಿಂದಿನ ಸಾಲಿನಲ್ಲಿ ಬೀದಿಯ ದರ್ಜಿ.

ಸಿನಿಮಾವೋ, ದೇವರಿಗೇ ಪ್ರೀತಿ. ನಾಯಕ ಕುದುರೆ ಹತ್ತುವುದಕ್ಕೇ ಅರ್ಧ ರೀಲು. ಟೋಪಿ ಅವರು ಹಾಕಿಕೊಂಡದ್ದು ಸಾಲದೆ ನೋಡಿದವರಿಗೂ ಹಾಕಿದ್ದರು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿದದ್ದು ದರೋಡೆಕೋರರನ್ನು ಕಂಡು. ಒಬ್ಬೊಬ್ಬರ ಮುಖಕ್ಕೂ ಕರವಸ್ತ್ರ, ಅದರ ಮೇಲೆ ಟೋಪಿ, ನಡುವೆ ಎರಡು ಕಣ್ಣು.

"ಇದರಲ್ಲಿ ನೀನ್ಯಾರಪ್ಪಾ, ಬುರುಡೆ?" ದರ್ಜಿ ಹಿಂದಿನಿಂದ ಕೇಳಿದ. "ಕರವಸ್ತ್ರ ಬಿಚ್ಚಿ ತೋರಿಸು."

ಜನ ನಕ್ಕರು. ಮಾವ ತೆರೆಯನ್ನು ನೋಡುತ್ತಲೇ ಇರಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದ. ಅಯ್ಯೋ ಅನ್ನಿಸಿತು ನನಗೆ.

ಕಡೆಗೂ ದನ ಕದಿಯುವ ಹೊತ್ತು ಬಂತು. ದರೋಡೆಕೋರರು ಕುದುರೆ ಓಡಿಸಿಕೊಂಡು ಬಂದು ಢಂ ಢಂ ಎಂದು ಗುಂಡು ಹಾರಿಸಿದರು. ದನ ದಿಕ್ಕಾಪಾಲಾಗಬೇಕು, ಧೂಳೇಳಬೇಕು. ರೈಲಿಗೇ ಜಗ್ಗದ ಹಸುಗಳು ಪಟಾಕಿಗೆ ಜಗ್ಗುತ್ತವೆಯೇ? ಹನ್ನೊಂದೂ ನಿಂತಲ್ಲೇ ನಿಂತು ಮೆಲುಕು ಹಾಕಿದವು. ಚಿತ್ರಮಂದಿರವೆಲ್ಲ ಘೊಳ್ಳೆಂದಿತು.

ಆಗ ಬೇಲಿಯ ಸಂದಿಯಿಂದ ಒಬ್ಬ ಕಳ್ಳ ನಡೆದೇ ಬಂದ. ಅವನಿಗೆ ಕುದುರೆಯಿಲ್ಲ, ಬಂದೂಕಿಲ್ಲ. ಕಿವಿಯವರೆಗೂ ಇಳಿದ ಟೋಪಿ. ಹಸುಗಳ ಮುಂದೆ ಹೋಗಿ, ಬೆನ್ನು ತಿರುಗಿಸಿ, ಎಡಗೈ ಹಿಂದೆ ಚಾಚಿ ಹೊರಟೇಬಿಟ್ಟ. ಒಂಟಿಕೊಂಬಿ ಆ ಕೈಗೆ ಮೂತಿ ಹಚ್ಚಿತು. ಹನ್ನೊಂದು ಹಸುಗಳು ಸಾಲುಗಟ್ಟಿ, ಸಂಜೆ ಮನೆಗೆ ಹೋಗುವಂತೆ ಆ ಕಳ್ಳನ ಹಿಂದೆ ಹೊರಟವು. ಕಳ್ಳ ಒಮ್ಮೆಯೂ ತಿರುಗಿ ನೋಡಲಿಲ್ಲ.

ಅತ್ತೆ ದಡಕ್ಕನೆ ಎದ್ದು ನಿಂತಳು.

"ಅವರೇ! ನಮ್ಮವರೇ!" ಅವಳ ದನಿ ಚಿತ್ರಮಂದಿರದ ಮೂಲೆಮೂಲೆಗೂ ಕೇಳಿಸಿತು. "ಇಪ್ಪತ್ತಾರು ವರ್ಷದಿಂದ ಆ ಬೆನ್ನು ನೋಡ್ಕೊಂಡೇ ನಡೆದಿದ್ದೀನಿ ನಾನು. ನಂಗೆ ಮುಖ ಬೇಕಾ?"

ಮಾವ ಕಣ್ಣೊರೆಸಿಕೊಂಡ, ಆಮೇಲೆ ಧೂಳು ಅಂದ. ಧೂಳಿದ್ದದ್ದು ತೆರೆಯ ಮೇಲೆ, ಅದೂ ಅಷ್ಟೇನಿರಲಿಲ್ಲ.

ಸಿನಿಮಾ ಮೂರೇ ದಿನಕ್ಕೆ ಎತ್ತಂಗಡಿಯಾಯಿತು. ಬಲಗೈಯೂ ಅಲ್ಲ, ತೆರೆ ತುಂಬಾನೂ ಅಲ್ಲ, ಅವನಿದ್ದದ್ದು ಅರ್ಧ ನಿಮಿಷ. ಬುರುಡೆ ಎಂಬ ಹೆಸರೂ ಅಳಿಯಲಿಲ್ಲ.

ಆ ದಿನ ಆಟ ಬಿಟ್ಟಾಗ ಮಾವ ಎಂದಿನಂತೆ ಮುಂದೆ ಹೊರಟ. ಗೇಟಿನ ಹತ್ತಿರ ನಿಂತ. ತಿರುಗಿದ. ಜನರ ನಡುವೆ ಅತ್ತೆಯನ್ನು ಹುಡುಕಿ, ಅವಳು ಪಕ್ಕಕ್ಕೆ ಬರುವವರೆಗೂ ಕಾದ.

"ಏನ್ರೀ ನಿಂತ್ರಿ?" ಅತ್ತೆ ಗದರಿದಳು. "ನಡೀರಿ. ಬರ್ತಾನೇ ಇದ್ದೀನಲ್ಲ."