ಉಸಿರು ಬಿಡಿ

ಕೊಯಮತ್ತೂರಿನಲ್ಲಿ ಎಂಆರ್‌ಐ ಯಂತ್ರ ನಡೆಸುವುದು ನನ್ನ ಕೆಲಸ. ಒಮ್ಮೆ ಸಿರುಮುಗೈಯಿಂದ ಸೀರೆ ನೇಯುವ ಅಮ್ಮ ಒಬ್ಬರು ಬಂದಿದ್ದರು. ಲೂಪಸ್ ಕಾಯಿಲೆ ಹೃದಯಕ್ಕೂ ತಾಗಿದೆಯೇ ಎಂದು ನೋಡಬೇಕಿತ್ತು. ಮನೆಮಾತು ಕನ್ನಡ ಎಂದು ತಿಳಿದು, ಮೈಸೂರಿನವನಾದ ನಾನು ಖುಷಿಯಿಂದ ಮೈಕಿನಲ್ಲಿ, "ಉಸಿರು ಬಿಡಿ ಅಮ್ಮ" ಎಂದೆ.

ಅವರು ಬಿಡಲಿಲ್ಲ. ಒಳಗೆ ಹೋಗಿ ನೋಡಿದರೆ ಅಳುತ್ತಿದ್ದರು.

"ಉಸಿರು ಬಿಡೋಕಾ ಸಾಮಿ ಇಷ್ಟು ದೂರ ಬಂದಿದ್ದು?"

ತಮಿಳಿನ 'ಉಯಿರ್' ಬೆರೆತ ಅವರ ಕನ್ನಡದಲ್ಲಿ ಉಸಿರೆಂದರೆ ಪ್ರಾಣ. ಮೂಗಿನಲ್ಲಿ ಆಡುವುದು 'ಮೂಚು'.

"ಮೂಚು ಬಿಡಿ" ಎಂದೆ. ಬಿಟ್ಟರು.

ಹೊರಡುವಾಗ, "ಎದೆ ಚೆನ್ನಾಗಿದೆಯಾ ಸಾಮಿ?" ಎಂದು ಕೇಳಿದರು. ಪರದೆಯಲ್ಲಿ ಹೃದಯದ ಬಾವು ಕಂಡಿತ್ತು. ಅದನ್ನು ಡಾಕ್ಟರೇ ಹೇಳುತ್ತಾರೆ ಎಂದು ತಮಿಳಿನಲ್ಲಿ ಹೇಳಿದೆ. ಅಷ್ಟರಲ್ಲಿ ನನ್ನ ಕನ್ನಡ ಮುಗಿದುಹೋಗಿತ್ತು.