ಹನ್ನೊಂದು ತುಂಡು ಕೀಬೋರ್ಡು

ಚಂದಯ್ಯ ಬಲೆ ಕಟ್ಟಲು ಕೂತರೆ ಕಾಲಿನ ಹೆಬ್ಬೆರಳೂ ಕೆಲಸಕ್ಕೆ ಇಳಿಯುತ್ತಿತ್ತು. ಹರಿದ ಬಲೆಯ ಅಂಚನ್ನು ಬೆರಳಿಗೆ ಸಿಕ್ಕಿಸಿ ಬಿಗಿಹಿಡಿದು, ಸೂಜಿಯನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟಿಸುವಾಗ ಇನ್ನೊಂದು ಕಾಲು ತನ್ನಷ್ಟಕ್ಕೇ ನೆಲಕ್ಕೆ ತಾಳ ಹಾಕುತ್ತಿತ್ತು. ಗಂಗೊಳ್ಳಿ ಬಂದರಿನಲ್ಲಿ ಅದನ್ನು ನೋಡದವರಿಲ್ಲ.

"ಹ್ವಾಯ್ ಚಂದಯ್ಯ, ಬಲಿ ಕಟ್ಟುದಾ, ಕುಣುದಾ?"

"ಬಲಿ ಕಟ್ಟುದ್ ನಾನ್, ಕುಣುದ್ ಕಾಲ್ ಮಾರಾಯಾ. ಅದ್ರ ಹತ್ರವೇ ಕೇಣ್."

ತಾಳ ಮುಂಬೈಯಲ್ಲಿ ಹತ್ತಿದ ರೋಗ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಕಾಲದಲ್ಲಿ, ಪಕ್ಕದ ಖೋಲಿಯ ಗೋವಾದ ಮುದುಕನೊಬ್ಬ ಮದುವೆ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದ. ಅವನಿಗೆ ದಿನಾ ಚಾ ಒಯ್ದು ಕೊಡುತ್ತ ಕೊಡುತ್ತ ಚಂದಯ್ಯ ಕೋಲು ಹಿಡಿಯುವುದನ್ನು ಕಲಿತ. ಮುದುಕ ಹೇಳಿಕೊಟ್ಟ ಪಾಠ ಒಂದೇ: ಹಾಡುವವರ ಉಸಿರು ನೋಡಿ ಹೊಡೆ. ೧೯೯೭ರಲ್ಲಿ ಊರಿಗೆ ಮರಳಿದಾಗ ಬಸ್ಸಿನ ಟಾಪಿನ ಮೇಲೆ ಆ ಮುದುಕನ ಹಳೆಯ ಡ್ರಮ್ ಸೆಟ್ಟೂ ಇತ್ತು.

"ಒಂದ್ ಸೀರಿ ತರೂಕ್ ಆಯ್ಲಿಲ್ಯಾ? ನಾಲ್ಕ್ ಹಂಡಿ ಹೊತ್ಕಂಡ್ ಬಂದಿರ್ಯಲೆ!" ಎಂದಳು ಹೆಂಡತಿ ಗುಲಾಬಿ. ಆದರೆ ಮೀನು ಮಾರಿ ಬಂದ ಕೈ ತೊಳೆದು, ಬೀಜಾಡಿಯ ಮನೆಯ ಜಗಲಿಯಲ್ಲಿ ಆ ಹಂಡೆಗಳಿಗೆ ಜಾಗ ಮಾಡಿಕೊಟ್ಟವಳೂ ಅವಳೇ.

ಹತ್ತು ವರ್ಷ ಚಂದಯ್ಯ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ನುಡಿಸಿದ. ಆಮೇಲೊಂದು ದಿನ ಕುಂದಾಪುರದ ಮೂವರು ಅವನನ್ನು ಹುಡುಕಿಕೊಂಡು ಬಂದರು. ಗಿಟಾರಿನ ಶೈಲೇಶ್, ಬೇಸ್ ಗಿಟಾರಿನ ಮನೀಷ್, ಹಾಡುವ ಶರಣ್ಯಾ. ಅವರದು ರಾಕ್ ಬ್ಯಾಂಡು, ಹೆಸರು 'ತೂಫಾನ್'. ತನ್ನ ಅರ್ಧ ವಯಸ್ಸಿನ ಈ ಮೂವರ ಜೊತೆ, ಕೋಟೇಶ್ವರದ ಮುಚ್ಚಿಹೋದ ಐಸ್ ಪ್ಲಾಂಟಿನ ಕೋಣೆಯಲ್ಲಿ, ಚಂದಯ್ಯ ವಾರಕ್ಕೆರಡು ಸಂಜೆ ಗುಡುಗಿದ. ಹೊರಗೆ ಬರುವಾಗ ಅವನ ಮುಖ ಸಮುದ್ರದಲ್ಲಿ ಮಿಂದು ಬಂದಂತಿರುತ್ತಿತ್ತು.

೨೦೧೦ರಲ್ಲಿ ತೂಫಾನಿನವರು ಮಂಗಳೂರಿನ ಸ್ಟುಡಿಯೋದಲ್ಲಿ ಒಂದು ಹಾಡು ರೆಕಾರ್ಡ್ ಮಾಡಿಸಿದರು. ಅಲ್ಲಿನ ಕೀಬೋರ್ಡಿನವರು ಹಾಡಿನ ಮೊದಲಿಗೆ ಮಂಜಿನಂಥ ಒಂದು ಸ್ವರ ಹರಡಿ, ಪಲ್ಲವಿಯ ಕೆಳಗೆ ಇಪ್ಪತ್ತು ಪಿಟೀಲು ಒಟ್ಟಿಗೆ ನುಡಿದಂತೆ ಏನನ್ನೋ ತುಂಬಿದರು. ಹಾಡು ಊರವರ ಮೊಬೈಲುಗಳಿಗೆಲ್ಲ ಹರಿಯಿತು. ಕಾರ್ಯಕ್ರಮಕ್ಕೆ ಕರೆದವರೆಲ್ಲ ಅದನ್ನೇ ಕೇಳಿದರು. ಆದರೆ ತೂಫಾನಿನಲ್ಲಿ ಕೀಬೋರ್ಡಿನವರು ಇರಲಿಲ್ಲ.

ಮಂಜಿನ ಸ್ವರವನ್ನು ಶೈಲೇಶ್ ಗಿಟಾರಿನಲ್ಲೇ ಹಿಡಿದ. ತಂತಿ ಮೀಟುವಾಗ ಸದ್ದಿನ ಗುಂಡಿಯನ್ನು ಸೊನ್ನೆಯಲ್ಲಿಟ್ಟು, ಮೀಟಿದ ಮೇಲೆ ಕಿರುಬೆರಳಿನಿಂದ ಮೆಲ್ಲಗೆ ತಿರುಗಿಸುವುದು. ಮೀಟಿದ್ದು ಕೇಳುವುದಿಲ್ಲ, ಸ್ವರ ಮಾತ್ರ ಎಲ್ಲಿಂದಲೋ ಎದ್ದು ಬರುತ್ತದೆ. ಚಂದಯ್ಯನಿಗೆ ಅದನ್ನು ಕೇಳಿ ಮೈ ಜುಮ್ಮೆಂದಿತು. ಆದರೆ ಇಪ್ಪತ್ತು ಪಿಟೀಲು ಒಂದು ಗಿಟಾರಿನಲ್ಲಿ ಹುಟ್ಟಲಿಲ್ಲ. ಕೊನೆಗೆ ಸ್ಟುಡಿಯೋದಿಂದ ಪಲ್ಲವಿಯ ಕೀಬೋರ್ಡಿನ ಭಾಗವನ್ನಷ್ಟೇ ತಂದು ಮನೀಷನ ಲ್ಯಾಪ್‌ಟಾಪಿಗೆ ಹಾಕಿದರು. ಅದರ ಜೊತೆ ಓಡಲು ಚಂದಯ್ಯನ ಕಿವಿಗೆ ಒಂದು ಇಯರ್‌ಫೋನು. ಅದರೊಳಗೆ ತಾಳದ ಎಣಿಕೆ: ಟಿಕ್, ಟಿಕ್, ಟಿಕ್.

ಶಿರೂರಿನ ಕಾರ್ಯಕ್ರಮದಲ್ಲಿ ಅದು ಕೈಕೊಟ್ಟಿತು. ಪಲ್ಲವಿಯ ಎರಡನೇ ಸಾಲಿನಲ್ಲಿ ಶರಣ್ಯಾ ಯಾವತ್ತಿನಂತೆ ಸ್ವರವನ್ನು ಸ್ವಲ್ಪ ಎಳೆದಳು. ಚಂದಯ್ಯ ಯಾವತ್ತಿನಂತೆ ಕಾದ. ಲ್ಯಾಪ್‌ಟಾಪು ಕಾಯಲಿಲ್ಲ. ಪಿಟೀಲುಗಳು ಮುಂದಿನ ಸಾಲಿಗೆ ಹೋಗಿಬಿಟ್ಟವು. ಹಾಡುವವಳು ಒಂದು ಕಡೆ, ನಾದ ಇನ್ನೊಂದು ಕಡೆ. ಮುಂದೆ ಕೂತವರು ಸೀಟಿ ಹೊಡೆದರು. ಮೆಚ್ಚುಗೆಯ ಸೀಟಿ ಯಾವುದು, ಇದು ಯಾವುದು ಎಂದು ಚಂದಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ದಿನ ಬಿಟ್ಟು ಶೈಲೇಶ್ ಬಂದರಿಗೆ ಬಂದ. ಬಲೆಯ ರಾಶಿಯ ಪಕ್ಕ ಕೂತು, ನೂಲಿನ ಉಂಡೆಯನ್ನು ತಿರುಗಿಸಿದ.

"ಚಂದಯ್ಯಣ್ಣ, ಬೈಂದೂರ್ ಪ್ರೋಗ್ರಾಮಿಗೆ ಮಂಗ್ಳೂರಿನ ಒಬ್ರನ್ನ ಕೇಂಡಿದೆ. ಅವ್ರಿಗೆ ಆ ಟಿಕ್ ಟಿಕ್ ಅಭ್ಯಾಸ ಇತ್ತ್. ನೀವ್ ಒಂದ್ ಸಲ ರೆಸ್ಟ್ ಮಾಡಿ, ಆತ್ತಾ?"

"ಒಂದ್ ಸಲವಾ?"

ಶೈಲೇಶ್ ಉಂಡೆಯನ್ನು ಕೆಳಗಿಟ್ಟ. ಸಮುದ್ರದ ಕಡೆ ನೋಡಿದ. ಚಂದಯ್ಯನೇ ಅವನ ಬೆನ್ನು ತಟ್ಟಿ, "ಆಯ್ತ್ ಮಾರಾಯಾ. ಆದ್ರೆ ಬಪ್ಪ ಶುಕ್ರವಾರದವರೆಗೆ ಟೈಮ್ ಕೊಡ್. ಅಷ್ಟ್ರೊಳಗ್ ಕಲ್ತ್ಕಂತೆ," ಎಂದ.

ಮರುದಿನದಿಂದ ಬಲೆ ಕಟ್ಟುವಾಗಲೂ ಕಿವಿಯಲ್ಲಿ ಟಿಕ್ ಟಿಕ್. ಕಾಲು ನಿಂತಿತು, ಸೂಜಿ ಓಡಿತು. ಬೋಟಿನ ಮಾಲೀಕ ಉಮಾನಾಥನ ಬಲೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ದೊಡ್ಡ ತೂತು ಬಿದ್ದಿತ್ತು. ಚಂದಯ್ಯ ಎಂದೂ ಮಾಡದ ಕೆಲಸ ಮಾಡಿದ: ಹರಿದಲ್ಲಿಂದಲೇ ಕಟ್ಟುತ್ತ ಹೋಗುವ ಬದಲು, ಟಿಕ್ ಟಿಕ್‌ಗೆ ಸರಿಯಾಗಿ ಬೇರೆಯೇ ಒಂದು ತುಂಡನ್ನು ಉದ್ದಕ್ಕೆ ಹೆಣೆದು, ಕೊನೆಗೆ ತೂತಿನ ಮೇಲೆ ಹಾಸಿ ಹೊಲಿದ. ಕಣ್ಣುಗಳು ಮುದ್ರಿಸಿದ ಹಾಗೆ ಒಂದೇ ಸಮ ಇದ್ದವು.

ಉಮಾನಾಥ ಬಂದು ಬಲೆಯನ್ನು ಎಳೆದು ನೋಡಿದ. ಒಂದು ಕಡೆ ಬಿಗಿಯಿತು, ಇನ್ನೊಂದು ಕಡೆ ಜೋತುಬಿತ್ತು.

"ಎಂತ ಮಾರಾಯಾ ಇದ್? ತುಂಡ್ ಚಂದ ಇತ್ತ್, ಬಲಿಗ್ ಕೂಕಂತಿಲ್ಲೆ. ನನ್ ಬಲಿ ಉಪ್ಪ್ ನೀರ್ ಕುಡ್ದ್ ಕುಗ್ಗಿತ್, ಎಳ್ದ್ ಹಿಗ್ಗಿತ್. ಅದ್ಕ್ ತಕ್ಕ ಕಟ್ಟುದ್ ನಿಂಗ್ ನಾ ಹೇಳಿಕೊಡ್ಕಾ?"

ಚಂದಯ್ಯನ ಕಿವಿ ಕೆಂಪಾಯಿತು. ಇಷ್ಟು ವರ್ಷಗಳಲ್ಲಿ ಅವನ ಕೈಕೆಲಸಕ್ಕೆ ಯಾರೂ ಹಾಗೆ ಹೇಳಿರಲಿಲ್ಲ. ಇಯರ್‌ಫೋನು ಕಿತ್ತು ಜೇಬಿಗೆ ಹಾಕಿ, ಹೊಲಿದದ್ದನ್ನೆಲ್ಲ ಬಿಚ್ಚಿದ. ಹಳೆಯ ಬಲೆಯ ಒಂದು ಕಣ್ಣು ಹಿಡಿದು ಒಂದು ಗಂಟು ಹಾಕಿದ. ಮುಂದಿನ ಕಣ್ಣು ಎಲ್ಲಿದೆಯೋ ಅಲ್ಲಿಗೆ ಹೋಗಿ ಇನ್ನೊಂದು. ಮೂರನೆಯ ಗಂಟು ಹಾಕುವಷ್ಟರಲ್ಲಿ ಕೈ ನಿಂತುಬಿಟ್ಟಿತು. ಸೂಜಿಯನ್ನು ಬಲೆಯಲ್ಲೇ ಚುಚ್ಚಿಟ್ಟು ಎದ್ದ.

"ಹ್ವಾಯ್, ಎಲ್ಲಿಗ್?" ಎಂದು ಉಮಾನಾಥ ಕೂಗಿದ.

"ಈಗ್ ಬತ್ತೆ!"

ಐಸ್ ಪ್ಲಾಂಟಿನಲ್ಲಿ ಮೂವರೂ ಇದ್ದರು. ಬಸ್ಸಿಳಿದು ಓಡಿಬಂದ ಚಂದಯ್ಯ ಏದುಸಿರು ಬಿಡುತ್ತಲೇ ಹೇಳಿದ:

"ಆ ಪಿಟೀಲಿನದ್ದ್ ಇಡೀ ಹಾಸುದ್ ಬೇಡ. ಕೊಯ್ದ್ ತುಂಡ್ ಮಾಡುಕ್ ಆತ್ತಾ?"

"ಆತ್ತ್," ಎಂದ ಮನೀಷ್. "ಎಂತಕ್ಕೆ?"

"ಸಾಲಿಗೊಂದ್ ತುಂಡ್. ನಾ ಒಂದ್ ಪೆಟ್ಟ್ ಹೊಡ್ದ್ರೆ ಒಂದ್ ತುಂಡ್ ನುಡಿಕ್. ಹೊಡೀದೆ ಇದ್ರೆ ಸುಮ್ನೆ ಇರ್ಕ್."

ಮನೀಷ್ ಹಣೆ ಚಚ್ಚಿಕೊಂಡು ನಕ್ಕ. ಆರ್ಕೆಸ್ಟ್ರಾದವರ ಹತ್ತಿರ ರಬ್ಬರಿನ ಪ್ಯಾಡು ಇರುತ್ತದೆ; ತಂತಿಯಿಂದ ಲ್ಯಾಪ್‌ಟಾಪಿಗೆ ಸೇರಿಸಿದರೆ ಪ್ರತಿ ಪೆಟ್ಟಿಗೂ ಮುಂದಿನ ತುಂಡು ನುಡಿಯುವಂತೆ ಮಾಡಬಹುದು. ಪ್ಯಾಡನ್ನು ಎರವಲು ತಂದರು. ಪಲ್ಲವಿ ಹನ್ನೊಂದು ತುಂಡಾಯಿತು. ಶರಣ್ಯಾ ಎಳೆದಾಗ ನಡುವೆ ಖಾಲಿ ಬೀಳದಂತೆ ಒಂದೊಂದಕ್ಕೂ ಉದ್ದನೆಯ ಬಾಲ ಬಿಟ್ಟರು.

ಶುಕ್ರವಾರ ಪರೀಕ್ಷೆ. ಚಂದಯ್ಯನ ಎಡಗೈ ಬಳಿ ಪ್ಯಾಡು, ಕಿವಿಯಲ್ಲಿ ಏನೂ ಇಲ್ಲ. ಎರಡನೇ ಸಾಲಿನಲ್ಲಿ ಶರಣ್ಯಾ ಬೇಕೆಂದೇ ಯಾವತ್ತಿಗಿಂತ ಉದ್ದ ಎಳೆದಳು, ಅವನನ್ನೇ ನೋಡುತ್ತ, ತುಂಟ ಹುಡುಗಿ. ಚಂದಯ್ಯನ ಕೋಲು ಗಾಳಿಯಲ್ಲಿ ನಿಂತಿತು. ಲ್ಯಾಪ್‌ಟಾಪೂ ಉಸಿರು ಹಿಡಿದುಕೊಂಡಂತೆ ಕಾದಿತು. ಅವಳ ಸ್ವರ ಮೆಲ್ಲಗೆ ಇಳಿದು ನೆಲ ಮುಟ್ಟುವ ಹೊತ್ತಿಗೆ ಅವನು ಹೊಡೆದ. ಇಪ್ಪತ್ತು ಪಿಟೀಲೂ ಅವಳ ಕಾಲಬುಡದಲ್ಲೇ ಎದ್ದವು.

ಹಾಡು ಮುಗಿಯಿತು. ಶೈಲೇಶ್ ಮೊಬೈಲು ಹಿಡಿದು ಹೊರಗೆ ಹೋದ. "ಸಾರಿ ಸರ್, ಬೈಂದೂರಿಗೆ ನಮ್ಮೋರೇ ಬತ್ರ್," ಎನ್ನುವುದು ಒಳಗೂ ಕೇಳಿಸಿತು. ಚಂದಯ್ಯ ಕೇಳಿಸದವನಂತೆ ಡ್ರಮ್ಮಿನ ತಿರುಪು ಬಿಗಿ ಮಾಡುತ್ತ ಕೂತ. ಬಿಗಿಯಾಗಿದ್ದ ತಿರುಪನ್ನೇ ಮತ್ತೆ ಮತ್ತೆ.

ಬೈಂದೂರಿನಲ್ಲಿ ಒಂದು ತಪ್ಪಾಯಿತು. ಕೊನೆಯ ಪಲ್ಲವಿಯಲ್ಲಿ ಅವನು ಹುರುಪಿಗೆ ಪ್ಯಾಡಿಗೆ ಎರಡು ಪೆಟ್ಟು ಕೊಟ್ಟುಬಿಟ್ಟ; ಒಂದು ತುಂಡು ಹಾರಿಹೋಯಿತು. ಶರಣ್ಯಾ ನಕ್ಕು, ಆ ಸಾಲನ್ನೇ ಬಿಟ್ಟು ಮುಂದಿನದನ್ನು ಹಿಡಿದಳು. ಜನ ಕುಣಿಯುತ್ತಲೇ ಇದ್ದರು.

ಕಾರ್ಯಕ್ರಮ ಮುಗಿದು ಸಾಮಾನು ಕಟ್ಟುವಾಗ ಕಾರ್ಯಕ್ರಮಕ್ಕೆ ಕರೆದ ಸಂಘದ ಶೇಖರ ಊಟದ ಲೆಕ್ಕ ಕೇಳಲು ಬಂದ.

"ಕೀಬೋರ್ಡಿನೋರೂ ಸೇರಿ ಐದ್ ಜನ ಅಲ್ದಾ? ಅವ್ರ್ ಎಲ್ಲ್ ಕೂಕಂಡದ್ದ್? ಕಾಂಬುಕೇ ಸಿಕ್ಲಿಲ್ಲ."

"ನಾಲ್ಕೇ ಜನ," ಎಂದ ಶೈಲೇಶ್. "ಆದ್ರೆ ಐದ್ ಊಟ ಕೊಡಿ. ಚಂದಯ್ಯಣ್ಣಂದ್ ಎರಡ್."

ಚಂದಯ್ಯ ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡ. ಸ್ವಲ್ಪ ಹೊತ್ತು ಒರೆಸಿಕೊಳ್ಳುತ್ತಲೇ ಇದ್ದ. ಆಮೇಲೆ ಬೈರಾಸಿನ ಒಳಗಿಂದಲೇ ಹೇಳಿದ:

"ಒಂದನ್ನ ಪಾರ್ಸೆಲ್ ಮಾಡಿ ಮಾರ್ರೆ. ಮನೆಯಲ್ಲ್ ಗುಲಾಬಿ ಕಾಯ್ತಾ ಇರ್ತ್ಳ್."