ಎಂಟು ಚಿತ್ರಗಳ ಕಾರ್ತಿಕ

ಯಲಬುರ್ಗಾದ ದವಾಖಾನೆಗೆ ನಾನು ಹೆರಿಗೆಯ ನರ್ಸ್ ಆಗಿ ಸೇರಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ತವರು ಹೊಳೆಯ ನಡುವಿನ ವಿರೂಪಾಪುರಗಡ್ಡೆ. ಹನ್ನೆರಡಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದ್ದೆ. "ಮೂಲ್ಯಾಗ ಕುಂತು ಅಳೂದು ಬ್ಯಾಡ" ಎಂದು ಅಣ್ಣ ಒಂದು ದಿನ ಹರಿಗೋಲಿನಲ್ಲಿ ಕೂರಿಸಿ ಹೊಳೆ ದಾಟಿಸಿದ. ದೂರದ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯಲು ಬಿಟ್ಟುಬಂದ. ಅಲ್ಲಿ ನನಗೆ ಕಲಿಸಿದವರು ಪರದೇಶದ ಡಾಕ್ಟರಮ್ಮ. ಯುದ್ಧ ಶುರುವಾಗಿ ಅವರು ತಮ್ಮ ದೇಶಕ್ಕೆ ಹೊರಟಾಗ ಒಂದು ಕಪ್ಪು ಡಬ್ಬಿ ಕ್ಯಾಮರಾ, ಎರಡು ರೀಲು, ರೀಲು ತೊಳೆಯುವ ಔಷಧದ ಪುಡಿಗಳು ಮತ್ತು ಬಿಸಿಲಿಗಿಟ್ಟರೆ ಚಿತ್ರ ಮೂಡುವ ಕಾಗದದ ಕಟ್ಟು, ಇಷ್ಟನ್ನೂ ನನ್ನ ಕೈಗಿತ್ತರು. ಒಂದು ಮಧ್ಯಾಹ್ನವಿಡೀ ಕೂರಿಸಿಕೊಂಡು ಅದರ ಬಳಕೆ ಕಲಿಸಿದರು.

ನನ್ನ ಕೆಲಸವೆಂದರೆ ನಡಿಗೆ. ದಿನಾ ಮುಂಜಾನೆ ಸುತ್ತಲಿನ ಒಂದು ಹಳ್ಳಿಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿ ಬರಬೇಕು. ಒಮ್ಮೆ ಕುಷ್ಟಗಿ ದಾರಿ, ಒಮ್ಮೆ ಕೊಪ್ಪಳ ದಾರಿ. ಹೆಗಲಿಗೆ ಔಷಧದ ಚೀಲ. ಜನರ ಬಾಯಲ್ಲಿ ನಾನು 'ಬಾಯಾರು', ಅಂದರೆ ನರ್ಸಮ್ಮ. ಆ ವರ್ಷ ದೀಪಾವಳಿಗೆ ಮೊದಲು ಚೀಲದ ಜೊತೆ ಕ್ಯಾಮರಾವೂ ಸೇರಿತು.

ಮೊದಲ ರೀಲು ಮುಗಿಸಿ ತಂದ ದಿನ ನಮ್ಮ ಕಂಪೌಂಡರ್ ಚಾಚಾ ಅದನ್ನು ಹಾಳುಮಾಡಿದರು. ಅರವತ್ತು ದಾಟಿದ, ಔಷಧವನ್ನು ಹನಿ ಹೆಚ್ಚುಕಮ್ಮಿಯಾಗದಂತೆ ಅಳೆಯುತ್ತಿದ್ದ ಮನುಷ್ಯ. ನಾನು ಒಳಗೆ ಕೈ ತೊಳೆಯುತ್ತಿದ್ದಾಗ, ಚಿತ್ರಗಳು ಬಂದಿವೆಯೋ ಇಲ್ಲವೋ ನೋಡೋಣವೆಂದು ಡಬ್ಬಿಯ ಬೆನ್ನು ತೆಗೆದು ರೀಲನ್ನು ಉದ್ದಕ್ಕೆ ಬಿಸಿಲಿಗೆ ಹಿಡಿದಿದ್ದರು.

"ಏನೂ ಕಾಣವಲ್ದು ಬೇಟಿ," ಅಂದರು.

"ಬೆಳಕ ಬಿದ್ರ ಎಲ್ಲಾ ಹೋತು ಚಾಚಾ. ಇನ್ನೇನ ಕಾಣಬೇಕು?"

ಅವರ ಮುಖ ಸಣ್ಣಗಾಯಿತು. ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದರು. ಮೂರನೇ ದಿನ ಬಂದು, "ಮಾಫ್ ಮಾಡು. ಇನ್ನೊಂದು ರೀಲು ಐತಲ್ಲ, ಅದನ್ನ ತೊಳದು ಚಿತ್ರ ಎಬ್ಬಿಸೋ ಜಿಮ್ಮೇದಾರಿ ನಂದು. ಔಷಧ ಅಳಿಯೂದು ನನಗ ಹೊಸದೇನಲ್ಲ" ಅಂದರು.

ಹುಬ್ಬಳ್ಳಿಗೆ ಕಾಗದ ಬರೆದು ವಿಚಾರಿಸಿದೆ. ಯುದ್ಧ ಮುಗಿಯುವತನಕ ರೀಲು ಸಿಗುವುದಿಲ್ಲವೆಂದು ಉತ್ತರ ಬಂತು. ಉಳಿದದ್ದು ಒಂದೇ ರೀಲು, ಎಂಟು ಚಿತ್ರ. ಕಾರ್ತಿಕ ಮಾಸವಿಡೀ ನಡೆಯುವುದು, ಎಂಟೇ ಸಲ ಗುಂಡಿ ಒತ್ತುವುದು ಎಂದು ನಿಶ್ಚಯಿಸಿದೆ.

ಆಗ ನನ್ನ ಕಣ್ಣು ತೆರೆಯಿತು ಅಂತಲೇ ಹೇಳಬೇಕು. ಇಬ್ಬನಿ ಹೊತ್ತ ಹಿಂಗಾರಿ ಜೋಳ ದಾರಿಯ ಎರಡೂ ಕಡೆ ಮೊಣಕಾಲುದ್ದ ನಿಂತಿರುತ್ತಿತ್ತು. ಮೂಡಗಾಳಿಯ ಚಳಿಗೆ ಕಂಬಳಿಯೊಳಗಿಂದ ಮೂಗಷ್ಟೇ ಹೊರಗಿಟ್ಟು ಕುರಿಗಾಹಿಗಳು ಬರುತ್ತಿದ್ದರು. ಶೇಂಗಾ ಕಿತ್ತ ಹೊಲದಲ್ಲಿ ಹೆಣ್ಣುಮಕ್ಕಳು ಕುಕ್ಕರುಗಾಲಲ್ಲಿ ಕೂತು, ಮಣ್ಣಲ್ಲಿ ಉಳಿದ ಕಾಯಿ ಆರಿಸುತ್ತಿದ್ದರು. ಇದನ್ನೆಲ್ಲ ಹುಟ್ಟಿದಾಗಿನಿಂದ ಕಂಡವಳೇ ನಾನು. ಆದರೆ ಇದು ಎಂಟರಲ್ಲಿ ಒಂದಾಗಬಲ್ಲದೇ ಎಂದು ಕೇಳಿಕೊಂಡು ನೋಡುವುದು ಬೇರೆ. ಎಷ್ಟೋ ಮುಂಜಾನೆ ಡಬ್ಬಿಯನ್ನು ಹೊಟ್ಟೆಗಾನಿಸಿ ನಿಂತು, ಒತ್ತದೆಯೇ ಮುಂದೆ ನಡೆದೆ.

ಜನ ನಗುತ್ತಿದ್ದರು. ಫೋಟೋ ಎಂದರೆ ಮದುವೆಗೆ, ಇಲ್ಲವೇ ಸತ್ತವರನ್ನು ಕೂರಿಸಿ ತೆಗೆಸುವುದು ಎಂದು ಅವರ ತಿಳುವಳಿಕೆ. ಬೀದಿಯುದ್ದ ನೂಲು ಹಾಸಿ ಗಂಜಿ ಹಚ್ಚುತ್ತಿದ್ದ ನೇಕಾರ, "ನನ್ನ ನೂಲಿನಾಗ ಏನ ಐತ್ರಿ ಬಾಯಾರ?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ. ಎಳೆಬಿಸಿಲು ಅವನ ಒಂದೊಂದು ಎಳೆಯ ಮೇಲೂ ಕೂತಿತ್ತು. "ನಿಂದ್ರಬ್ಯಾಡ, ಕೆಲಸ ಮಾಡು" ಅಂದು ಗುಂಡಿ ಒತ್ತಿದೆ. ನಾನೇ ಹೆರಿಗೆ ಮಾಡಿಸಿದ ಕೂಸನ್ನು ಅದರ ಅಜ್ಜಿ ಚಾಚಿದ ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದಳು, ಅದೂ ಒಂದಾಯಿತು. ಹೀಗೆ ಏಳು ಮುಗಿದವು.

ಎಂಟನೆಯದು ಯಾವುದೆಂದು ನನಗೆ ಆಗಲೇ ಗೊತ್ತಿತ್ತು. ಊರ ಹೊರಗೆ ಗೌಡರ ಕಣದಲ್ಲಿ ಸಜ್ಜೆಯ ರಾಶಿ ನಡೆದಿತ್ತು. ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ಮೊರ ಎತ್ತಿ ತೂರುತ್ತಿದ್ದವಳು ಎಪ್ಪತ್ತರ ಒಬ್ಬ ಮುದುಕಿ, ಗೌಡರ ಮನೆಯ ಹಳೆಯ ಆಳು. ಕಾಳು ನೇರ ಕೆಳಗೆ, ಹೊಟ್ಟು ಗಾಳಿಯ ಜೊತೆ ದೂರ. ಆದರೆ ನನ್ನ ಡಬ್ಬಿಗೆ ಓಡುವುದನ್ನು ಹಿಡಿಯಲು ಬರುತ್ತಿರಲಿಲ್ಲ. ಅಲುಗಿದ್ದೆಲ್ಲ ಹೊಗೆಯಾಗುತ್ತದೆಂದು ಡಾಕ್ಟರಮ್ಮ ಹೇಳಿದ್ದರು. ಮೂರು ಮುಂಜಾನೆ ಬರೀ ನೋಡುತ್ತ ನಿಂತೆ. ಮೊರ ಪೂರ್ತಿ ಮೇಲೇರಿದಾಗ ಮುದುಕಿಯ ಎರಡು ಕೈಗಳೂ ಒಂದು ಗಳಿಗೆ ನಿಶ್ಚಲವಾಗುತ್ತಿದ್ದವು. ಹಿಡಿಯುವುದಿದ್ದರೆ ಅದೇ ಗಳಿಗೆ.

ಅಷ್ಟರಲ್ಲಿ ಗೌಡರೇ ದವಾಖಾನೆಯ ಕಟ್ಟೆಗೆ ಬಂದರು. ಜರಿ ರುಮಾಲು, ಕರಿ ಕೋಟು, ಕೈಯಲ್ಲಿ ಬೆಳ್ಳಿಹಿಡಿಯ ಬೆತ್ತ.

"ಬಾಯಾರ, ನಮ್ಮದೊಂದು ಫೋಟೋ ತಗೀರಿ. ತಯಾರಾಗೇ ಬಂದೀನಿ."

"ಗೌಡ್ರ, ಒಂದೇ ಉಳದೈತ್ರಿ. ಅದನ್ನ ನಿಮ್ಮ ಕಣದಾಗ ರಾಶಿ ತೂರೋ ಆಯಿಗಂತ ಇಟ್ಟೀನ್ರಿ."

ಅವರು ನನ್ನನ್ನೇ ನೋಡಿದರು. "ನಮ್ಮ ಆಳ ಮುದುಕಿಗೆ?"

"ಹೌದ್ರಿ."

ಗೌಡರು ಬೆತ್ತದಿಂದ ಕಟ್ಟೆಯ ಕಲ್ಲು ಎರಡು ಸಲ ತಟ್ಟಿ, ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ನಮ್ಮ ದವಾಖಾನೆಯ ಡಾಕ್ಟರರ ಮನೆಗೆ ನಡೆದರು. ಮಧ್ಯಾಹ್ನ ಡಾಕ್ಟರ್ ಸಾಹೇಬರು ನನ್ನನ್ನು ಕರೆಸಿದರು. ಕೆಲಸ ಹೋಯಿತೆಂದೇ ತಿಳಿದು ಒಳಗೆ ಹೋದೆ.

"ಆ ಡಬ್ಬಿ ದವಾಖಾನಿದೋ, ನಿಂದೋ?"

"ನಂದ್ರಿ."

"ಹಂಗಾದ್ರ ನಿನ್ನ ಮರ್ಜಿ," ಎಂದು ಅವರು ಮತ್ತೆ ತಮ್ಮ ಕಾಗದಗಳತ್ತ ತಿರುಗಿದರು.

ಮರುದಿನ ಹೊತ್ತೇರುವ ಮೊದಲೇ ಕಣಕ್ಕೆ ಹೋದೆ. ಗೌಡರು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದರು, ಬೇಡ ಎನ್ನಲಿಲ್ಲ. ಮುದುಕಿ ಮಣೆಯ ಮೇಲಿದ್ದಳು. ಗಾಳಿ ಮಾತ್ರ ಬಿದ್ದುಹೋಗಿತ್ತು. ಎಲೆ ಅಲ್ಲಾಡದು.

"ಫೋಟೋ ತಗದ್ರ ಆಯುಷ್ಯ ಕಡಿಮಿ ಆಗ್ತದಂತ, ಖರೇ ಏನ ಮಗಳ?" ಎಂದು ಮುದುಕಿ ಕೇಳಿದಳು.

"ಡಾಕ್ಟರಮ್ಮ ಹಂಗೇನೂ ಕಲಿಸಿಲ್ಲ ಆಯಿ."

"ಆದ್ರೂ ಆಗಲಿ ತಗೋ. ಭಾಳ ಉಂಡೀನಿ. ನನ್ನ ಮಾರಿ ನಾ ಬಾವಿ ನೀರಾಗ ನೋಡಿದ್ದಷ್ಟ, ಅದೂ ಕೊಡ ಇಳಿಸೂದ್ರಾಗ ಒಡದ ಹೋಗ್ತಿತ್ತು."

ನಾವು ಕಾದೆವು. ಬಿಸಿಲು ಏರಿತು. ಆಮೇಲೆ ದೂರದ ಜೋಳದ ಹೊಲ ಒಂದು ಕಡೆಗೆ ವಾಲಿದ್ದು ಕಂಡಿತು. "ಬಂತು ನೋಡು" ಎಂದು ಮುದುಕಿ ಮೊರ ಎತ್ತಿದಳು. ನಾನು ಉಸಿರು ಹಿಡಿದೆ. ಒಂದು ಮೊರ ಬಿಟ್ಟೆ, ಎರಡು ಬಿಟ್ಟೆ. ಮೂರನೆಯದು ಮೇಲೇರಿ, ಹೊಟ್ಟು ಹಾರಲು ತೊಡಗಿ, ಕೈಗಳು ನಿಂತವು. ಒತ್ತಿದೆ.

ರೀಲು ತೊಳೆಯಲು ಚಾಚಾ ಹುಡುಕಿಟ್ಟ ಕತ್ತಲೆಕೋಣೆ ಯಾವುದೆಂದು ಹೇಳಿದರೆ ಈಗಲೂ ಜನ ನಂಬುವುದಿಲ್ಲ. ಅವರಿದ್ದ ಮನೆಯ ಹಿತ್ತಲಲ್ಲಿ ಒಂದು ಖಾಲಿ ಹಗೇವು ಇತ್ತು, ನೆಲದೊಳಗೆ ಕಾಳು ತುಂಬಿಡುವ ಕುಣಿ. ಎರಡು ದಿನ ಅದರ ಬಾಯಿ ತೆರೆದಿಟ್ಟು, ಕೆಟ್ಟ ಗಾಳಿ ಇದ್ದೀತೆಂದು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದದ್ದನ್ನು ಕಂಡ ಮೇಲೆಯೇ ಚಾಚಾ ಏಣಿ ಇಳಿದರು. ಹಿಂದೆ ನಾನು. ಒಳಗಿನಿಂದಲೇ ಹಗೇವಿನ ಬಾಯಿಗೆ ಕಂಬಳಿ ಹೊದಿಸಿದೆವು. ಕೆಂಪು ಬಟ್ಟೆ ಸುತ್ತಿದ ಕಂದೀಲಿನ ಬೆಳಕಲ್ಲಿ ಚಾಚಾ ರೀಲಿನ ಎರಡು ತುದಿ ಹಿಡಿದು, ಔಷಧದ ತಟ್ಟೆಯಲ್ಲಿ ಮೇಲೆ ಕೆಳಗೆ ಎಳೆದಾಡಿದರು. ನಾನು ಬಾಯಲ್ಲಿ ಎಣಿಸುತ್ತಿದ್ದೆ. ಹಳೆಯ ಜೋಳದ ವಾಸನೆ, ಬೆವರು, ಉಸಿರಾಡಲು ಕಷ್ಟ.

ಮೇಲೆ ಬಂದು ತೊಳೆದ ರೀಲನ್ನು ಬೆಳಕಿಗೆ ಹಿಡಿದಾಗ ಚಾಚಾ ಗಾಬರಿಯಾದರು. "ಇವರ ಮಾರಿ ಕರ್ರಗ, ಕೂದಲ ಬೆಳ್ಳಗ ಯಾಕ ಐತಿ ಬೇಟಿ? ಕೆಟ್ಟೇ ಹೋತೇನು?"

"ಕೆಟ್ಟಿಲ್ಲ ಚಾಚಾ. ಕಾಗದಕ್ಕ ಬಂದ್ಮ್ಯಾಲ ಕರಿದು ಬಿಳಿದಾಗಿ ತಿರಗತೈತಿ," ಎಂದೆ. ಒಂದು, ಎರಡು ಎಂದು ಬೆರಳಿಟ್ಟು ಎಣಿಸಿದೆ. ಎಂಟೂ ಬಂದಿದ್ದವು.

ಸಂತೆಯ ದಿನ ದವಾಖಾನೆಯ ಕಟ್ಟೆಯ ಮೇಲೆ ಹಗ್ಗ ಕಟ್ಟಿ, ಕಾಗದದ ಮೇಲೆ ಬಿಸಿಲಿಗಿಟ್ಟು ಮೂಡಿಸಿದ ಅಂಗೈ ಅಗಲದ ಎಂಟು ಚಿತ್ರಗಳನ್ನು ಜಾಲಿಮುಳ್ಳಿನಿಂದ ಚುಚ್ಚಿ ತೂಗುಹಾಕಿದೆವು. ಹತ್ತು ಜನ ಬಂದಾರು ಅಂದುಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ನೇಕಾರ ತನ್ನ ನೂಲಿನ ಮುಂದೆ ನಿಂತು ಹೋದಬಂದವರಿಗೆಲ್ಲ, "ಇದು ನಂದು, ಎಳಿ ಎಣಿಸಿ ನೋಡ್ರಿ" ಎನ್ನುತ್ತಿದ್ದ. ನೀರೆರೆಯುವ ಅಜ್ಜಿಯನ್ನು ಕಂಡ ಹೆಂಗಸರು, ಬೇರೆ ಊರಿನವರು ಕೂಡ, "ನಮ್ಮವ್ವನೂ ಹಿಂಗ ಎರೀತಿದ್ದಳು" ಎಂದು ಕಣ್ಣೊರೆಸಿಕೊಂಡರು.

ಮುದುಕಿ ಬಂದಾಗ ಜನ ತಾವಾಗಿಯೇ ದಾರಿ ಬಿಟ್ಟರು. ಅವಳು ಚಿತ್ರದ ಹತ್ತಿರ ಮೂಗು ತಂದು ನೋಡಿದಳು. ಎತ್ತಿದ ಕೈಗಳು, ಮೊರ, ಹಿಂದೆ ಹೊಗೆಯಂತೆ ಹಾರುವ ಹೊಟ್ಟು.

"ನನ್ನ ಬೆನ್ನ ಇಷ್ಟ ನೆಟ್ಟಗ ಐತೇನು?" ಅಂದಳು. "ಬಾಗೇತಂತ ಎಲ್ಲಾರೂ ಅಂತಿದ್ರಲ್ಲ."

"ಮೊರ ಎತ್ತಿದಾಗ ನೆಟ್ಟಗ ಆಗ್ತೈತಿ ಆಯಿ. ನಾ ನಾಕು ದಿನ ನೋಡೀನಿ."

ಅವಳು ಹೌದೆಂಬಂತೆ ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದಳು. ಅಲ್ಲಿದ್ದಷ್ಟು ಹೊತ್ತೂ ಅವಳು ನೆಟ್ಟಗೆ ನಿಂತಿದ್ದಳು.

ಸಂತೆ ಕರಗುವ ಹೊತ್ತಿಗೆ ಗೌಡರು ಬಂದರು. ಏಳು ಚಿತ್ರ ದಾಟಿ ಎಂಟನೆಯದರ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಬೆತ್ತದ ತುದಿಯಿಂದ ಒಂದು ಮೂಲೆ ತೋರಿಸಿದರು. ಬೇವಿನ ಮರದ ಕೆಳಗೆ, ಕಡಲೆಕಾಳಿನಷ್ಟು ಸಣ್ಣಗೆ, ಮುಖ ಆಚೆ ತಿರುಗಿಸಿ ಕೂತ ಒಬ್ಬ ಮನುಷ್ಯ.

"ಇಂವ ನಾನೇ ಏನ್ರಿ?"

"ಹೌದ್ರಿ ಗೌಡ್ರ."

ಅವರ ಮೀಸೆಯ ಕೆಳಗೆ ನಗು ಮೂಡಿತು. "ಈ ಕಡೆ ತಿರುಗಿದ್ರ ಏನ ಗಂಟ ಹೋಗ್ತಿತ್ತು ನಂದು," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ದನಿ ತಗ್ಗಿಸಿ, "ಛಲೋ ತಗದೀರಿ. ನಮ್ಮ ಕಣ ಇಷ್ಟ ಛಂದ ಅದ ಅಂತ ನನಗ ಗೊತ್ತಿರಲಿಲ್ಲ. ಇದರದೊಂದು ಪ್ರತಿ ಆ ಮುದುಕಿಗೆ ಮೊದಲ ಕೊಡ್ರಿ, ಆಮ್ಯಾಲ ನಮಗೊಂದು" ಅಂದರು.

ಆ ದಿನ ಚಾಚಾ ಸಂತೆಯಿಂದ ಬೆಲ್ಲ, ಪುಟಾಣಿ ತಂದು ದವಾಖಾನೆಗೆ ಬಂದವರಿಗೆಲ್ಲ ಹಂಚಿದರು, ಮನೆಯಲ್ಲಿ ಮಗು ಹುಟ್ಟಿದ ಹಾಗೆ.

ಮರುದಿನ ಮುಂಜಾನೆ ಎಂದಿನಂತೆ ಕುಷ್ಟಗಿ ದಾರಿಯಲ್ಲಿ ನಡೆದಿದ್ದೆ. ಬಾವಿಯ ಹತ್ತಿರ ಗುರುತಿಲ್ಲದ ಹೆಂಗಸೊಬ್ಬಳು ಕೊಡ ತುಂಬುತ್ತಿದ್ದಳು.

"ಬಾಯಾರ, ಇವತ್ತ ಡಬ್ಬಿ ತಂದಿಲ್ಲೇನ್ರಿ?"

"ರೀಲು ಮುಗದೈತವ್ವ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ಮೇಲೆ ಸಿಂಬಿ ಸರಿಯಾಗಿಟ್ಟು, ತುಂಬಿದ ಕೊಡವನ್ನು ಒಂದೇ ಸಲಕ್ಕೆ ಎತ್ತಿ ಇಟ್ಟುಕೊಂಡಳು. "ಹಂಗಾದ್ರ ಕಣ್ಣಿಲೆ ಆದ್ರೂ ನೋಡ್ರಿ," ಎಂದು ಕೊಡದಿಂದ ಎರಡೂ ಕೈ ಬಿಟ್ಟು ಹೊರಟಳು. ಒಂದು ಹನಿಯೂ ತುಳುಕಿಸದೆ ಅವಳು ದಿಬ್ಬ ಹತ್ತಿ ಮರೆಯಾಗುವತನಕ ನಾನು ದಾರಿಯಲ್ಲೇ ನಿಂತು ನೋಡಿದೆ.